ರಕ್ತದ ಹನಿಗೆ ಬೆಳಕು ಹಿಡಿದಾಗ

ಪ್ರಶ್ನೆ: ಅಮ್ಮನಿಗೆ ಜ್ವರ ಬಿಡದಿದ್ದಾಗ ಡಾಕ್ಟರು ಸಿಆರ್‌ಪಿ (ಸಿ-ರಿಯಾಕ್ಟಿವ್ ಪ್ರೋಟೀನ್) ಎಂಬ ರಕ್ತಪರೀಕ್ಷೆ ಬರೆದುಕೊಟ್ಟರು. ರಿಪೋರ್ಟಿನಲ್ಲಿ 48 ಅಂತ ಬಂತು. ಇಷ್ಟೊಂದು ಪ್ರೋಟೀನುಗಳ ನಡುವೆ ಮಷಿನ್ನು ಅದೊಂದನ್ನೇ ಹೇಗೆ ಆರಿಸುತ್ತದೆ? ನಾವು ಅಡಿಕೆ ವ್ಯಾಪಾರದವರು, ತೂಕದ ಮಾತು ಬಂದರೆ ಕೇಳದೆ ಬಿಡುವುದಿಲ್ಲ.
— ಓದುಗರು, ಭೀಮಸಮುದ್ರ

ಉತ್ತರ: ಆರಿಸುವುದು ಮಷಿನ್ನಲ್ಲ. ರಾಶಿಯಿಂದ ಗೊರಬಲು ಅಡಿಕೆ ಬೇರೆ ಮಾಡುವ ಕೈ ನಿಮ್ಮಲ್ಲಿರುವಂತೆ, ಇಲ್ಲಿ ಆ ಕೆಲಸ ಒಂದೇ ಪ್ರೋಟೀನನ್ನು ಗುರುತಿಸಿ ಹಿಡಿಯುವ ಆ್ಯಂಟಿಬಾಡಿಯದು. ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಲೇಟೆಕ್ಸ್ ಕಣಗಳ ಮೈಗೆ ಅದನ್ನು ಅಂಟಿಸಿರುತ್ತಾರೆ. ಸಿಆರ್‌ಪಿ ಸಿಕ್ಕಿತೋ, ಕಣಕ್ಕೆ ಕಣ ಕಚ್ಚಿಕೊಂಡು ದ್ರವ ಮಸುಕಾಗುತ್ತದೆ. ಹಾಯಿಸಿದ ಬೆಳಕಿನಲ್ಲಿ ಆಚೆ ಬಂದದ್ದೆಷ್ಟು ಎಂಬ ಲೆಕ್ಕದಿಂದ ನಿಮ್ಮ 48 ಹುಟ್ಟಿದೆ: ಲೀಟರಿಗೆ 48 ಮಿಲಿಗ್ರಾಂ. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ 10ರೊಳಗೇ ಇರುತ್ತದೆ. ಉರಿಯೂತ ಇದೆ ಎಂದಷ್ಟೇ ಅದು ಹೇಳುತ್ತದೆ. ಎಲ್ಲಿ, ಯಾಕೆ ಎಂಬುದನ್ನು ಡಾಕ್ಟರೇ ಹುಡುಕಬೇಕು.

ಇದಕ್ಕಿಂತ ನಾಜೂಕಾದ ದಾರಿಯೊಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಅಶೋಕನ್, ಎ.ಕೆ. ಸೂದ್ ಅವರ ತಂಡ 2015ರಲ್ಲಿ ಪ್ರಕಟಿಸಿದ್ದು. ಕೂದಲೆಳೆಯಂಥ ಆಪ್ಟಿಕಲ್ ಫೈಬರಿನೊಳಗೆ ಒಂದು ಕಡೆ ಸಾಲು ಗೀರುಗಳಂಥ ರಚನೆ, ಬಂದ ಬೆಳಕಿನಲ್ಲಿ ಒಂದೇ ಒಂದು ಬಣ್ಣವನ್ನು ಅದು ಹಿಂದಕ್ಕೆ ಕಳಿಸುತ್ತದೆ. ಅಲ್ಲಿ ಫೈಬರಿನ ಹೊರಪದರ ಕರಗಿಸಿ, ಬೆಳಕಿನ ಅಂಚು ಹೊರಗಿನದಕ್ಕೆ ತಾಗುವಂತೆ ಮಾಡಿ, ಗ್ರ್ಯಾಫೀನ್ ಆಕ್ಸೈಡ್ ಜೊತೆ ಆ್ಯಂಟಿಬಾಡಿ ಲೇಪಿಸಿದರು. ಸಿಆರ್‌ಪಿ ಬಂದು ಕೂತರೆ ಹಿಂದಿರುಗುವ ಬಣ್ಣ ತುಸು ಸರಿಯುತ್ತದೆ, ಕಣ್ಣಿಗೆ ಕಾಣದಷ್ಟು. ಲೀಟರಿಗೆ 0.01 ಮಿಲಿಗ್ರಾಂ ಇದ್ದರೂ ಅದಕ್ಕೆ ಸಿಕ್ಕಿತು. ನಿಮ್ಮೂರಿನ ಲ್ಯಾಬಿನಲ್ಲಿ ಇದನ್ನು ಹುಡುಕಬೇಡಿ, ಇದು ಸಂಶೋಧನೆಯ ಮಾತು. ನನ್ನ ಕೇಳಿದರೆ ಬೆಳಕಿನ ಚಮತ್ಕಾರಕ್ಕಿಂತ ಆ್ಯಂಟಿಬಾಡಿಯ ಗುಣವೇ ದೊಡ್ಡದು. ಅದು ತಪ್ಪು ಪ್ರೋಟೀನನ್ನು ಕಚ್ಚಿಕೊಂಡರೆ ಬೆಳಕು ಆ ತಪ್ಪನ್ನೇ ಅಳೆದು ಕೊಡುತ್ತದೆ.

ಪ್ರಶ್ನೆ: ಗರ್ಭ ಪರೀಕ್ಷೆಯ ಕಿಟ್ಟೂ ಇದೇ ಜಾತಿಯದೆ? ಬೇಸಿಗೆಯಲ್ಲಿ ಫ್ರಿಜ್ಜಿನಲ್ಲಿಡಬೇಕೆ?
— ಓದುಗರು, ಹೊಳಲ್ಕೆರೆ

ಉತ್ತರ: ಅದೇ ಜಾತಿ. ಹಿಡಿಯುವುದು ಆ್ಯಂಟಿಬಾಡಿಯೇ, ನೋಡುವುದು ಮಾತ್ರ ಮಷಿನ್ನಿನ ಬದಲು ನಿಮ್ಮ ಕಣ್ಣು. ಬಹಳಷ್ಟು ಕಿಟ್ಟುಗಳಲ್ಲಿ ಆ ಕೆಂಪು ಗೆರೆ ಬಣ್ಣದ್ದಲ್ಲ, ಚಿನ್ನದ್ದು. ಚಿನ್ನವನ್ನು ಅತಿ ಸಣ್ಣ ಕಣ ಮಾಡಿದರೆ ಕೆಂಪಗೆ ಕಾಣುತ್ತದೆ. ಫ್ರಿಜ್ಜು ಸಾಮಾನ್ಯವಾಗಿ ಬೇಡ. ಹೆಚ್ಚಿನ ಪೊಟ್ಟಣಗಳ ಮೇಲೆ 2ರಿಂದ 30 ಡಿಗ್ರಿ ಸೆಲ್ಸಿಯಸ್ ಎಂದಿರುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾತ್ರ ಬಿಡಬೇಡಿ. ಆ್ಯಂಟಿಬಾಡಿಯೂ ಪ್ರೋಟೀನೇ, ಮೊಟ್ಟೆಯ ಬಿಳಿಯಂತೆ ಬಿಸಿಗೆ ಕೆಡುತ್ತದೆ. ಕಿಟ್ ಸರಿಯಿದೆ ಎಂದು ತೋರಿಸುವ ಕಂಟ್ರೋಲ್ ಗೆರೆ ಮೂಡದಿದ್ದರೆ ಕಿಟ್ ಎಸೆದು ಹೊಸದು ತನ್ನಿ.