ಉಳ್ಳಾಲದ ಮರಳು ಎಲ್ಲಿ ಹೋಯಿತು?

ಪ್ರಶ್ನೆ: ಪ್ರತಿ ಮಳೆಗಾಲದಲ್ಲೂ ಉಳ್ಳಾಲ, ಸೋಮೇಶ್ವರದ ಕಡಲ್ಕೊರೆತ ಸುದ್ದಿಯಾಗುತ್ತದೆ. ಲೋಡುಗಟ್ಟಲೆ ಕಲ್ಲು ಹಾಕಿದರೂ ಸಮುದ್ರ ಮುಂದೆ ಬರುತ್ತಲೇ ಇದೆ. ಇದು ಹವಾಮಾನ ಬದಲಾವಣೆಯೋ, ನಮ್ಮದೇ ಕೈವಾಡವೋ?

ಉತ್ತರ: ಎರಡೂ ಹೌದು. ಆದರೆ ಉಳ್ಳಾಲದ ಮಟ್ಟಿಗೆ ನಮ್ಮ ಪಾಲೇ ದೊಡ್ಡದು ಎಂದು ನನ್ನ ಅಭಿಪ್ರಾಯ.

ಜೂನ್‌ನಲ್ಲಿ ದಡ ಸವೆಯುವುದು ಕರಾವಳಿಗೆ ಹೊಸದಲ್ಲ. ಮಳೆಗಾಲದ ಅಲೆಗಳು ಮರಳನ್ನು ಸೆಳೆದೊಯ್ದು ತುಸು ಆಳದಲ್ಲಿ ಪೇರಿಸಿಡುತ್ತವೆ. ಅಕ್ಟೋಬರ್ ಕಳೆದ ಮೇಲೆ ಸೌಮ್ಯ ಅಲೆಗಳು ಅದನ್ನೇ ದಡಕ್ಕೆ ವಾಪಸು ತರುತ್ತವೆ. ಡಿಸೆಂಬರಿನಲ್ಲೂ ಮರಳು ಮರಳದಿದ್ದರೆ ಆಗ ಗಾಬರಿಯಾಗಬೇಕು.

ಇಲ್ಲಿ ಆಗಿದ್ದು ಅದೇ. ನೇತ್ರಾವತಿ ಮತ್ತು ಗುರುಪುರ (ಫಲ್ಗುಣಿ) ನದಿಗಳು ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಉತ್ತರಕ್ಕೆ ಬೆಂಗ್ರೆ, ದಕ್ಷಿಣಕ್ಕೆ ಉಳ್ಳಾಲ. ಅಳಿವೆ ಬಾಗಿಲಲ್ಲಿ ಹೂಳು ತುಂಬಿ ಮೀನುಗಾರಿಕೆ ದೋಣಿಗಳಿಗೆ ಅಪಾಯವಾಗುತ್ತಿತ್ತೆಂದು 1990ರ ದಶಕದಲ್ಲಿ ಎರಡೂ ಬದಿ ಬ್ರೇಕ್‌ವಾಟರ್ (ಅಲೆ ತಡೆಯುವ ಒಡ್ಡು) ಕಟ್ಟಿದರು. ದೋಣಿಯವರ ಬೇಡಿಕೆ ನ್ಯಾಯವಾದದ್ದೇ. ಆದರೆ ದಡದುದ್ದಕ್ಕೂ ಅತ್ತಿತ್ತ ಓಡಾಡುತ್ತಿದ್ದ ಮರಳಿಗೆ ದಾರಿ ತಪ್ಪಿತು. ಬೆಂಗ್ರೆಯ ಬದಿ ದಡ ಬೆಳೆಯಿತು, ಉಳ್ಳಾಲದ ಬದಿ ಕರಗಿತು. ಒಂದೇ ಸಮುದ್ರ, ಒಂದೇ ಮಳೆಗಾಲ, ಅಳಿವೆಯ ಎರಡು ಬದಿಗೆ ಎರಡು ಫಲ! ಕಡಲಿನ ಮಟ್ಟ ಏರಿದ್ದೊಂದೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ.

ಇತ್ತ ನದಿಯಿಂದ ಬರುವ ಮರಳಿನ, ಅಂದರೆ ಹೊಯ್ಗೆಯ, ಜಮೆಯೂ ತಗ್ಗಿದೆ. ಹೊಯ್ಗೆಯ ಒಂದಷ್ಟು ಪಾಲನ್ನು ಅಣೆಕಟ್ಟುಗಳು ತಡೆದರೆ, ಇನ್ನಷ್ಟು ನದಿಪಾತ್ರದಿಂದಲೇ ಲಾರಿ ಹತ್ತಿ ಕಟ್ಟಡ ಸೇರುತ್ತದೆ.

ಇನ್ನು ಕಲ್ಲಿನ ಮಾತು. ಗೋಡೆಗೆ ಬಡಿದ ಅಲೆ ಸುಮ್ಮನೆ ಸಾಯುವುದಿಲ್ಲ. ಹಿಂದಕ್ಕೆ ಚಿಮ್ಮುತ್ತಾ ಗೋಡೆಯ ಬುಡದ ಮರಳನ್ನೇ ಕೆರೆಯುತ್ತದೆ. ಬುಡ ಸಡಿಲವಾಗಿ ಬಂಡೆಗಳು ಹೂತುಹೋಗುತ್ತವೆ, ಮರುವರ್ಷ ಮತ್ತೆ ಟೆಂಡರು. ಗೋಡೆ ಮುಗಿಯುವ ತುದಿಯಲ್ಲಿ ಕೊರೆತ ಇನ್ನೂ ಜೋರು. ಅಲ್ಲಿ ಬೇರು ಬಿಚ್ಚಿಕೊಂಡು ವಾಲಿದ ತೆಂಗು, ಸುತ್ತಲ ಮಣ್ಣು ಹೋಗಿ ಗೋಪುರದಂತೆ ನಿಂತ ಬಾವಿಯ ಸಿಮೆಂಟ್ ರಿಂಗುಗಳು ಕಾಣುತ್ತವೆ. ಒಂದು ಮನೆ ಉಳಿಸಿದ ಕಲ್ಲು ಪಕ್ಕದ ಮನೆಯನ್ನು ಕಡಲಿಗೆ ಕೊಡುತ್ತದೆ. ಅದಕ್ಕೇ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ಉಳ್ಳಾಲದ ಎದುರು ಸಮುದ್ರದೊಳಗೇ ರೀಫ್ (ಕೃತಕ ದಿಬ್ಬ) ಕಟ್ಟಿದ್ದು, ಅಲೆಯ ಬಲ ದಡ ಮುಟ್ಟುವ ಮೊದಲೇ ಕುಗ್ಗಲಿ ಎಂದು.

ಹವಾಮಾನವನ್ನು ಬಿಟ್ಟುಬಿಡೋಣವೇ? ಖಂಡಿತ ಇಲ್ಲ. 1993ರಿಂದ ಉಪಗ್ರಹಗಳು ಅಳೆದಂತೆ ಜಗತ್ತಿನ ಸರಾಸರಿ ಸಮುದ್ರಮಟ್ಟ ಸುಮಾರು 10 ಸೆಂಟಿಮೀಟರ್ ಏರಿದೆ. ಇಳಿಜಾರು ಕಡಿಮೆಯಿರುವ ಮರಳು ದಡದಲ್ಲಿ ಇಷ್ಟು ಏರಿಕೆಗೇ ನೀರು ಹಲವು ಮೀಟರ್ ಒಳಗೆ ಬರಬಲ್ಲದು. ಅರಬ್ಬೀ ಸಮುದ್ರ ಬಿಸಿಯಾಗಿ ಚಂಡಮಾರುತಗಳ ಬಲವೂ ಹೆಚ್ಚಿದೆ; 2021ರ ಮೇ ತಿಂಗಳ ತೌಕ್ತೆ ಮಳೆಗಾಲಕ್ಕೆ ಮೊದಲೇ ಈ ದಡವನ್ನು ಜರ್ಜರಿತಗೊಳಿಸಿತು. ಮರಳಿನ ದಾಸ್ತಾನು ತುಂಬಿರುವ ದಡ ಅಂಥ ಪೆಟ್ಟು ತಿಂದು ಚೇತರಿಸಿಕೊಳ್ಳುತ್ತದೆ, ಬರಿದಾದದ್ದು ಚೇತರಿಸಿಕೊಳ್ಳದು. ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಿದರೆ ಅಧಿಕಾರಿ, ಗುತ್ತಿಗೆದಾರ, ಹೊಯ್ಗೆ ತೆಗೆಯುವವ ಎಲ್ಲರೂ ನಿರಪರಾಧಿಗಳಾಗಿಬಿಡುತ್ತಾರೆ, ಅಷ್ಟೆ.

ನೀವೇ ನೋಡಬೇಕೆಂದರೆ ಗೂಗಲ್ ಅರ್ಥ್‌ನಲ್ಲಿ ಅಳಿವೆ ಬಾಗಿಲಿನ ಹಳೆಯ ಚಿತ್ರಗಳನ್ನು ತೆರೆಯಿರಿ. ಜುಲೈಯ ಚಿತ್ರವನ್ನು ಜನವರಿಯದಕ್ಕೆ ಹೋಲಿಸಬೇಡಿ, ಮೋಸಹೋಗುತ್ತೀರಿ. ಬೇರೆ ಬೇರೆ ವರ್ಷಗಳ ಜನವರಿಯನ್ನೇ ಅಕ್ಕಪಕ್ಕ ಇಟ್ಟು, ಬೆಂಗ್ರೆ ಮತ್ತು ಉಳ್ಳಾಲ ಎರಡನ್ನೂ ಒಟ್ಟಿಗೆ ನೋಡಿ.