ಫಲದಾಸೆ ಬಿಟ್ಟು ಪೋಕರ್ ಆಡಬಹುದೇ?

ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಕೆಲಸ ಮಾಡುವ ನೀವು, ಪೋಕರ್ ಟೂರ್ನಿಗಳು ಗೀತೆಯ ಕರ್ಮಯೋಗವನ್ನೇ ಕಲಿಸುತ್ತಿವೆ ಎಂದು ಬರೆದಿದ್ದೀರಿ. ಮನೆಯವರು ಮಾತ್ರ ಅದನ್ನು ಜೂಜು ಎನ್ನುತ್ತಾರೆ. ನಿಮ್ಮ ಮಾತನ್ನು ತಳ್ಳಿಹಾಕಲಾರೆ. ನಿಮ್ಮ ಕೈಯಲ್ಲಿ ಎರಡು ಎಕ್ಕ, ಎದುರಾಳಿಯ ಬಳಿ ಎರಡು ರಾಜ. ಇದ್ದಬದ್ದದ್ದನ್ನೆಲ್ಲ ಪಣಕ್ಕಿಟ್ಟರೂ ಐದರಲ್ಲಿ ಸುಮಾರು ಒಂದು ಸಲ ಸೋಲುವುದು ನೀವೇ. ನಿರ್ಧಾರ ಸರಿಯಿತ್ತು, ಫಲ ಕೈಕೊಟ್ಟಿತು. ಆಗ ಕೆರಳದೆ ಮುಂದಿನ ಎಲೆಗೆ ಕೈಚಾಚುವವನು ಸಮಚಿತ್ತವನ್ನು ಅಷ್ಟಿಷ್ಟಾದರೂ ಕಲಿತಿರುತ್ತಾನೆ.

ಆದರೆ ಆ ಪಾಠ ಎಡವುವುದು ಪ್ರವೇಶ ಶುಲ್ಕದ ಬಳಿ. ಬಹುಪಾಲು ಆಟಗಾರರು ಕಟ್ಟಿದ ಹಣ ಕೆಲವರಿಗಷ್ಟೇ ಬಹುಮಾನವಾಗುತ್ತದೆ, ಆಯೋಜಕರ ಪಾಲು ಬೇರೆ. ಫಲದ ಮೇಲೆ ಕಣ್ಣಿಲ್ಲವೆಂದಮೇಲೆ ಪಣವೇಕೆ? ಗೀತೆಯ ಹತ್ತನೇ ಅಧ್ಯಾಯದಲ್ಲಿ ಕೃಷ್ಣ ತಾನು ಜೂಜೂ ಹೌದು ಎಂದಿದ್ದಾನಲ್ಲ ಎಂದು ನೀವು ಕೇಳಬಹುದು. ವಂಚಿಸುವಂಥವುಗಳಲ್ಲಿ ತಾನು ಜೂಜು ಎಂದನೇ ಹೊರತು ಆಡಲು ಅಪ್ಪಣೆ ಕೊಡಲಿಲ್ಲ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ, ರಾಜ ಋತುಪರ್ಣನಿಂದ ಅಕ್ಷಹೃದಯ ಎಂಬ ದಾಳದ ವಿದ್ಯೆ ಕಲಿತು ಅದನ್ನು ಮರಳಿ ಗೆದ್ದದ್ದೂ ನಿಜ. ಅದಕ್ಕೆ ಮೊದಲೇ ಅವನ ಹೆಂಡತಿ ದಮಯಂತಿ ಕಾಡುಪಾಲಾಗಿದ್ದಳು. ಕರೆದಾಗ ಆಡದಿರುವುದು ಧರ್ಮವಲ್ಲ ಎಂದುಕೊಂಡೇ ಧರ್ಮರಾಯ ಪಗಡೆಗೆ ಕುಳಿತದ್ದು. ಧರ್ಮದ ಹೆಸರು ಚಟಕ್ಕೆ ಎಷ್ಟು ಬೇಗ ಒದಗಿಬರುತ್ತದೆ ನೋಡಿ.

ಇನ್ನು ಕಾನೂನಿನ ಮಾತು: 2025ರಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಕೌಶಲವೋ ಅದೃಷ್ಟವೋ ಎಂದು ನೋಡದೆ, ಆನ್‌ಲೈನ್‌ನಲ್ಲಿ ಹಣದಾಟ ನಡೆಸುವುದನ್ನೇ ನಿಷೇಧಿಸಿದೆ. ಹಾಗಾಗಿ ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಲು ಮೂರು ತಿಂಗಳು ಗೆಳೆಯರೊಡನೆ ದುಡ್ಡಿಲ್ಲದೆ, ಬರಿಯ ಬಿಲ್ಲೆಗಳಲ್ಲಿ ಆಡಿ. ಅದೇ ಏಕಾಗ್ರತೆ ಉಳಿದರೆ ಧಾರಾಳವಾಗಿ ಮುಂದುವರಿಸಿ. ಆಟ ಸಪ್ಪೆಯೆನಿಸಿದರೆ ಬಿಟ್ಟುಬಿಡಿ, ಈವರೆಗೆ ಕಳೆದುಕೊಂಡ ಮೊತ್ತವನ್ನು ಮುಚ್ಚಿಡದೆ ಮನೆಯವರಿಗೆ ಹೇಳಿ.