ಹಡಪ, ಕನ್ನಡಿ, ಕಿರುಪರದೆ: ಪುತ್ತೂರು–ಸುಳ್ಯ–ಕಡಬ ಪರಿಸರದ ಹಿನ್ನೆಲೆಯಲ್ಲಿ ಕ್ಷೌರದ ಹಾಸ್ಯ

ಕ್ಷೌರಿಕನನ್ನು ಕುರಿತ ನಗೆ ನಮ್ಮಲ್ಲಿ ಬಹಳ ಹಳೆಯದು. ಕ್ಷೌರ ಮಾಡಿಸಿಕೊಳ್ಳುವವನನ್ನು ಕುರಿತ ನಗೆ ತೀರ ಈಚಿನದು. ಗಾದೆ, ಜನಪದ ಕಥೆ, ಬೈಗುಳಗಳಲ್ಲಿ ನಗೆಯ ಗುರಿಯಾಗುತ್ತಿದ್ದವನು ಕತ್ತಿ ಹಿಡಿದವನು. ಇಂದು ಕೈಫೋನಿನಿಂದ ಕೈಫೋನಿಗೆ ಹರಿದಾಡುವ ನಾಲ್ಕು ಚೌಕಟ್ಟಿನ ವೆಬ್‌ಕಾಮಿಕ್‌ಗಳಲ್ಲಿ ಆ ಸ್ಥಾನಕ್ಕೆ ಬಂದಿರುವವನು ಕುರ್ಚಿಯಲ್ಲಿ ಬಟ್ಟೆ ಹೊದೆದು ಕುಳಿತ ಗಿರಾಕಿ. ಈ ಸ್ಥಾನಪಲ್ಲಟವು ಸಾಮಾಜಿಕ ಸಂಬಂಧಗಳ ಬದಲಾವಣೆಯನ್ನು ಎಷ್ಟರಮಟ್ಟಿಗೆ ಸೂಚಿಸುತ್ತದೆ, ಎಷ್ಟರಮಟ್ಟಿಗೆ ಮರೆಮಾಚುತ್ತದೆ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಮೊದಲಿಗೆ ಒಂದು ಪದದ ವಿಚಾರ. ‘ಹಡಪ’ ಎಂಬುದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳುಂಟು: ಎಲೆಅಡಿಕೆಯ ಚೀಲ ಮತ್ತು ಕ್ಷೌರಿಕನ ಉಪಕರಣಗಳ ಚೀಲ. ತಮಿಳಿನ ಸಮಾನ ರೂಪಗಳಲ್ಲಿಯೂ ಈ ಎರಡೂ ಅರ್ಥಗಳು ಕಾಣುತ್ತವೆ. ಹನ್ನೆರಡನೆಯ ಶತಮಾನದ ವಚನಕಾರ ಹಡಪದ ಅಪ್ಪಣ್ಣನು ಬಸವಣ್ಣನಿಗೆ ತಾಂಬೂಲವನ್ನು ಒದಗಿಸುತ್ತಿದ್ದವನೆಂದು ಪರಂಪರೆ ಹೇಳುತ್ತದೆ. ಕ್ಷೌರ ವೃತ್ತಿಯ ಸಮುದಾಯವು ಆತನನ್ನು ತನ್ನ ಮೂಲಪುರುಷನೆಂದು ಗೌರವಿಸುತ್ತದೆ. ಇವೆರಡರಲ್ಲಿ ಯಾವುದು ಸರಿ ಎಂಬ ವಾದಕ್ಕಿಂತ, ಒಂದೇ ಚೀಲದ ಹೆಸರು ಅಂತರಂಗದ ಸೇವೆಯನ್ನೂ ಮೈಲಿಗೆಯ ಸೇವೆಯನ್ನೂ ಸೂಚಿಸಿತು ಎಂಬ ಸಂಗತಿಯೇ ಹೆಚ್ಚು ಮುಖ್ಯ. ರಾಜನ ಕೊರಳ ಹತ್ತಿರ ಕತ್ತಿ ಒಯ್ಯಬಲ್ಲವನು ಅವನೊಬ್ಬನೇ. ಮುಗಿದ ಮೇಲೆ ಸ್ನಾನವಾಗದೆ ಯಜಮಾನನು ಮನೆಯೊಳಗೆ ಕಾಲಿಡುತ್ತಿರಲಿಲ್ಲವೆಂಬುದೂ ಅಷ್ಟೇ ನಿಜ. ಈ ನಿಕಟತೆ ಮತ್ತು ದೂರಗಳ ನಡುವಣ ಇಕ್ಕಟ್ಟಿನಲ್ಲಿಯೇ ಹಳೆಯ ಹಾಸ್ಯ ಹುಟ್ಟಿದೆ.

ಎರಡು ಕಥೆಗಳನ್ನು ಗಮನಿಸಬಹುದು. ‘ರಾಜನ ಕಿವಿ ಕತ್ತೆಕಿವಿ’ ಎಂಬ ಕಥೆ ಮಕ್ಕಳಿಗೂ ಗೊತ್ತು. ಜಾನಪದ ವಿದ್ವಾಂಸರು 782ನೆಯ ಕಥಾವರ್ಗವೆಂದು ಗುರುತಿಸುವ ಇದರ ಗ್ರೀಕ್–ರೋಮನ್ ರೂಪ ಮಿಡಾಸ್ ದೊರೆಯದು. ಗುಟ್ಟನ್ನು ಬಲ್ಲ ಕ್ಷೌರಿಕ ಅದನ್ನು ಒಡಲಲ್ಲಿ ಇಟ್ಟುಕೊಳ್ಳಲಾರದೆ ನೆಲಕ್ಕೋ ಮರಕ್ಕೋ ಹೇಳುತ್ತಾನೆ. ಆ ಮರದ ವಾದ್ಯವು ಊರಿಗೆಲ್ಲ ಸಾರುತ್ತದೆ. ಇಲ್ಲಿ ನಗೆ ರಾಜನ ಮೇಲೆ; ಕ್ಷೌರಿಕನ ಬಾಯಿ ಅಧಿಕಾರಕ್ಕೆ ಅಪಾಯಕಾರಿ. ಎರಡನೆಯದು ತೆನಾಲಿ ರಾಮಕೃಷ್ಣನ ಹೆಸರಿನಲ್ಲಿ ಪ್ರಚಲಿತವಾದದ್ದು. ನಿದ್ದೆಗೆಡದಂತೆ ಕ್ಷೌರ ಮಾಡಿ ಮೆಚ್ಚಿಸಿದವನು ತನ್ನನ್ನು ಬ್ರಾಹ್ಮಣನಾಗಿಸಬೇಕೆಂದು ದೊರೆಯನ್ನು ಬೇಡುತ್ತಾನೆ; ರಾಮಕೃಷ್ಣನು ಕಪ್ಪು ನಾಯಿಯನ್ನು ಉಜ್ಜಿ ಬಿಳಿದು ಮಾಡಲು ಹೊರಟು ದೊರೆಗೆ ‘ಬುದ್ಧಿ’ ಹೇಳುತ್ತಾನೆ. ವಿದೂಷಕನ ಜಾಣ್ಮೆಯೆಂದು ಶಾಲಾ ಮಕ್ಕಳಿಗೆ ಹೇಳುತ್ತ ಬಂದ ಈ ಕಥೆ ವಾಸ್ತವವಾಗಿ ಹುಟ್ಟನ್ನು ದಾಟಬಯಸಿದವನನ್ನು ನಗೆಯಿಂದ ಹಿಂದಕ್ಕೆ ತಳ್ಳುವ ಕಥೆ. ಅದನ್ನು ನಿರುಪದ್ರವಿ ವಿನೋದವೆಂದು ಓದುವುದು ಇನ್ನು ಸಾಧ್ಯವಿಲ್ಲ. ಕೆಲಸವಿಲ್ಲದ ಕ್ಷೌರಿಕ ಬೆಕ್ಕನ್ನು ಹಿಡಿದು ಬೋಳಿಸಿದನೆಂಬ ತಮಿಳು ಗಾದೆಯೂ, ಮೋಸ ಹೋಗುವುದಕ್ಕೆ ಕನ್ನಡದಲ್ಲಿ ಬಳಕೆಯಾಗುವ ‘ತಲೆ ಬೋಳಿಸಿಕೊಳ್ಳು’ ಎಂಬ ನುಡಿಗಟ್ಟೂ ವೃತ್ತಿಯನ್ನೇ ಹಗುರವಾಗಿಸುವ ಇದೇ ಜಾಡಿನವು.

ಪುತ್ತೂರು, ಸುಳ್ಯ ಮತ್ತು ಇವೆರಡರ ಹಳ್ಳಿಗಳಿಂದ ರೂಪುಗೊಂಡ ಕಡಬ ತಾಲೂಕುಗಳಲ್ಲಿ ಈ ಸಂಬಂಧಕ್ಕೆ ಬೇರೆಯದೇ ಭೂಗೋಳವಿದೆ. ಬಯಲುಸೀಮೆಯಂತೆ ಇಲ್ಲಿ ಮನೆಗಳು ಒತ್ತಾಗಿಲ್ಲ. ಅಡಿಕೆ ತೋಟ, ಗುಡ್ಡ, ತೋಡುಗಳ ನಡುವೆ ಒಂದೊಂದಾಗಿ ಚದುರಿವೆ. ಹೀಗಾಗಿ ಭಂಡಾರಿ ಅಥವಾ ಕೆಲಸಿ ಎಂದು ಕರೆಯಲ್ಪಡುವ ಕ್ಷೌರಿಕ ಸಮುದಾಯದವರು ಚೀಲ ಹಿಡಿದು ಮನೆಯಿಂದ ಮನೆಗೆ ನಡೆಯಬೇಕಾಗಿತ್ತು. ಅಂಗಳದಾಚೆ, ಮರದ ನೆರಳಿನಲ್ಲಿ ಕ್ಷೌರ. ಕೂಲಿ ಬಹುಮಟ್ಟಿಗೆ ಬೆಳೆಯ ರೂಪದಲ್ಲಿ. ಮದುವೆ, ಸೂತಕಗಳಲ್ಲಿ ಅವರಿಲ್ಲದೆ ಕ್ರಿಯೆ ಮುಂದೆ ಸಾಗದು. ಒಂಟಿ ಮನೆಗಳ ನಡುವೆ ಸುದ್ದಿಯನ್ನು ಒಯ್ಯುವವರೂ ಇವರೇ ಆದ್ದರಿಂದ ಕ್ಷೌರಿಕನ ವಾಚಾಳತೆ ಇಲ್ಲಿ ಗೇಲಿಯ ವಸ್ತುವಾದಂತೆಯೇ ಅಗತ್ಯವೂ ಆಗಿತ್ತು.

ಈ ಸಂಬಂಧದ ಅಸಮಾನತೆಯನ್ನು ಸರ್ವನಾಮಗಳಲ್ಲಿ ಸ್ಪಷ್ಟವಾಗಿ ಕಾಣಬಹುದು. ತುಳುವಿನಲ್ಲಿ ‘ಈ’ ಎಂಬುದು ಏಕವಚನ, ‘ಈರ್’ ಗೌರವದ ರೂಪ. ಅಂಗಳದ ಕ್ಷೌರದಲ್ಲಿ ಯಜಮಾನನ ಬಾಯಿಂದ ‘ಈ’ ಇಳಿಯುತ್ತಿತ್ತು, ಕ್ಷೌರಿಕನ ಬಾಯಿಂದ ‘ಈರ್’ ಏರುತ್ತಿತ್ತು. ಕೆಲಸ ಪೇಟೆಯ ಸೆಲೂನಿಗೆ ಸ್ಥಳಾಂತರವಾದಾಗ ಬದಲಾದದ್ದು ಕುರ್ಚಿ, ಕನ್ನಡಿಗಳಷ್ಟೇ ಅಲ್ಲ. ಗಿರಾಕಿಯೇ ಬಂದು ಸರದಿಯಲ್ಲಿ ಕಾಯಬೇಕಾಯಿತು. ದರ ಗೋಡೆಯ ಮೇಲೆ ಬರೆಯಲ್ಪಟ್ಟಿತು. ಮಂಗಳವಾರದ ರಜೆಗೆ ಊರೆಲ್ಲ ಹೊಂದಿಕೊಂಡಿತು. ಎಚ್‌ಐವಿಯ ಭೀತಿ ಹರಡಿದ ಮೇಲಂತೂ ಪ್ರತಿಯೊಬ್ಬರಿಗೂ ಹೊಸ ಬ್ಲೇಡು ಹಾಕುವುದನ್ನು ಗಿರಾಕಿ ಕಣ್ಣಾರೆ ಕಂಡು ಖಚಿತಪಡಿಸಿಕೊಳ್ಳತೊಡಗಿದ: ಹಳೆಯ ಮಡಿಯ ಭಯ ಆರೋಗ್ಯದ ಭಾಷೆಗೆ ತಿರುಗಿ, ಈ ಬಾರಿ ಶಂಕೆ ಕತ್ತಿಯ ಮೇಲೆ ನೆಟ್ಟಿತು. ಪರಸ್ಪರ ‘ಈರ್’ ಎನ್ನುವ ಸಮತೆ ಈ ಪೇಟೆಯ ಕೋಣೆಯಲ್ಲಿ ಸಾಧ್ಯವಾಯಿತು. ಅದು ಸಣ್ಣ ಸಾಧನೆಯಲ್ಲ.

ಇಂತಹ ಕುರ್ಚಿಯ ಬಹುಭಾಷಿಕತೆಯೂ ಗಮನಾರ್ಹ. ಕತ್ತರಿಸಿ ಮುಗಿದ ಮೇಲೆ ಹಿಂದಲೆಗೆ ಕೈಗನ್ನಡಿ ಹಿಡಿದಾಗ ತುಳುವಿನವನು ‘ಎಡ್ಡೆ ಉಂಡು’ ಎನ್ನುತ್ತಾನೆ, ಸುಳ್ಯದ ಅರೆಭಾಷೆಯವನು ‘ಲಾಯ್ಕುಟ್ಟು’ ಎನ್ನುತ್ತಾನೆ, ಹವ್ಯಕನು ‘ಲಾಯ್ಕಿದ್ದು’ ಎನ್ನುತ್ತಾನೆ. ಮೂವರೂ ಹೇಳುವುದು ಒಂದೇ, ಮತ್ತು ಹಲವು ಸಲ ಅದು ಸುಳ್ಳು.

ಜಗತ್ತಿನ ವೆಬ್‌ಕಾಮಿಕ್‌ಗಳು ಮತ್ತೆ ಮತ್ತೆ ಹಿಡಿಯುವುದು ಈ ಸುಳ್ಳಿನ ಕ್ಷಣವನ್ನೇ. ಅವುಗಳ ವಿನ್ಯಾಸ ಹೆಚ್ಚುಕಡಮೆ ಸ್ಥಿರ: ಮೊದಲ ಚೌಕಟ್ಟಿನಲ್ಲಿ ಗಿರಾಕಿ ನಟನೊಬ್ಬನ ಭಾವಚಿತ್ರ ತೋರಿಸುತ್ತಾನೆ, ಎರಡನೆಯದರಲ್ಲಿ ಕನ್ನಡಕ ತೆಗೆದು ಕುರುಡಾಗುತ್ತಾನೆ, ಮೂರನೆಯದರಲ್ಲಿ ಗುರುತಿಸಲಾಗದ ತಲೆಯೊಂದು ಕನ್ನಡಿಯಲ್ಲಿ ಮೂಡುತ್ತದೆ, ಕೊನೆಯದರಲ್ಲಿ ಅವನು ‘ಚೆನ್ನಾಗಿದೆ’ ಎಂದು ಹಣ ಕೊಟ್ಟು, ಮನೆಗೆ ಬಂದು ಟೋಪಿ ಹಾಕುತ್ತಾನೆ. ಭರತನು ಹಾಸ್ಯವನ್ನು ಆತ್ಮಸ್ಥ, ಪರಸ್ಥವೆಂದು ವಿಭಾಗಿಸಿದ್ದು ತಾನು ನಗುವುದು ಮತ್ತು ಇತರರನ್ನು ನಗಿಸುವುದು ಎಂಬ ಅರ್ಥದಲ್ಲಿ. ಯಾರ ವೆಚ್ಚದಲ್ಲಿ ನಗುವುದು ಎಂಬುದು ಅಲ್ಲಿ ಪ್ರಶ್ನೆಯಾಗಿರಲಿಲ್ಲ. ಈ ಚಿತ್ರಪಟ್ಟಿಗಳಲ್ಲಿ ಅದೇ ಮುಖ್ಯ ಪ್ರಶ್ನೆ. ಬರೆಯುವವನು, ಓದುವವನು, ನಗೆಗೀಡಾಗುವವನು ಮೂವರೂ ಒಂದೇ ವರ್ಗದ ಗಂಡಸರು. ಬೇಡವೆನ್ನುವ ಧೈರ್ಯವಿಲ್ಲದ, ತನ್ನ ರೂಪದ ಬಗ್ಗೆ ಕಳವಳಪಡುವ ಗಂಡಸು ತನ್ನನ್ನು ತಾನೇ ಒಪ್ಪಿಸಿಕೊಳ್ಳುತ್ತಿದ್ದಾನೆ. ಕರಾವಳಿಯ ಕನ್ನಡದಲ್ಲಿ ಇದರ ಅತ್ಯುತ್ತಮ ನಿದರ್ಶನ ಚಿತ್ರಪಟ್ಟಿಯಲ್ಲ, ಚಲನಚಿತ್ರ: ರಾಜ್ ಬಿ. ಶೆಟ್ಟಿ ನಿರ್ದೇಶಿಸಿ ನಟಿಸಿದ ‘ಒಂದು ಮೊಟ್ಟೆಯ ಕಥೆ’ (2017). ಕೂದಲುದುರಿದ ಅದರ ನಾಯಕ ಕನ್ನಡ ಅಧ್ಯಾಪಕನೆಂಬುದು ಈ ಪತ್ರಿಕೆಯ ಓದುಗರಿಗೆ ಮುಜುಗರವನ್ನೂ ಆಪ್ತತೆಯನ್ನೂ ತಂದೀತು. 2019ರಲ್ಲಿ ಅದು ಮಲಯಾಳದಲ್ಲಿ ‘ತಮಾಶ’ವಾಗಿ, ಹಿಂದಿಯಲ್ಲಿ ‘ಉಜ್ಡಾ ಚಮನ್’ ಆಗಿ ಮರುಹುಟ್ಟು ಪಡೆಯಿತೆಂಬುದು ಈ ಕಳವಳ ಒಂದು ಸೀಮೆಯದಲ್ಲವೆಂಬುದನ್ನು ತೋರಿಸುತ್ತದೆ.

ಆದರೆ ಗಿರಾಕಿ ನಗೆಯ ಕೇಂದ್ರಕ್ಕೆ ಬಂದಾಗ ಕ್ಷೌರಿಕ ಎಲ್ಲಿಗೆ ಹೋದ? ಬಹುತೇಕ ಚಿತ್ರಪಟ್ಟಿಗಳಲ್ಲಿ ಅವನಿಗೆ ಮುಖವೇ ಇಲ್ಲ. ಚೌಕಟ್ಟಿನ ಅಂಚಿನಿಂದ ಚಾಚಿದ ಕೈ, ಕತ್ತರಿ, ‘ಸಾಕಾ?’ ಎಂಬ ಒಂದು ಪ್ರಶ್ನೆ. ಕರಾವಳಿಯ ಪೇಟೆಗಳ ಸೆಲೂನುಗಳಲ್ಲಿ ಈಗ ಉತ್ತರ ಭಾರತದಿಂದ ಬಂದ ಯುವಕರು ಕೆಲಸ ಮಾಡುತ್ತಿರುವುದು ಸಾಮಾನ್ಯ. ಅವರಿಗೂ ಗಿರಾಕಿಗೂ ನಡುವೆ ಮಾತು ಹರಕು ಹಿಂದಿಯ ನಾಲ್ಕು ಪದಗಳಿಗೆ ಇಳಿದಿದೆ. ‘ಮಾತಾಡದ ಕ್ಷೌರಿಕ ದೊರೆತ’ ಎಂಬ ಸಂತೋಷವನ್ನು ಅಂತರ್ಜಾಲದ ಹಾಸ್ಯ ಹಂಚಿಕೊಳ್ಳುತ್ತದೆ. ಮಾತೇ ವೃತ್ತಿಯ ಅರ್ಧವಾಗಿದ್ದ ತೋಟದ ಸೀಮೆಯಲ್ಲಿ ಇದನ್ನು ಲಾಭವೆಂದಷ್ಟೇ ಎಣಿಸಲಾಗದು.

ಹಳೆಯ ನಗೆಯೂ ಪೂರ್ತಿ ಹೋಗಿಲ್ಲ. ‘ಹಜಾಮ’ ಎಂಬುದು ಬೈಗುಳವಾಗಿ ಇಂದಿಗೂ ಕೇಳಿಬರುತ್ತದೆ. ಸವಿತಾ ಸಮಾಜದ ಸಂಘಟನೆಗಳು ಅದನ್ನು ವಿರೋಧಿಸುತ್ತಲೇ ಬಂದಿವೆ. 2009ರಲ್ಲಿ ಪ್ರಿಯದರ್ಶನ್ ನಿರ್ದೇಶನದ ಹಿಂದಿ ಚಿತ್ರದ ಹೆಸರಿನಿಂದ ವೃತ್ತಿಯವರ ಆಕ್ಷೇಪದ ಮೇರೆಗೆ ‘ಬಾರ್ಬರ್’ ಪದವನ್ನು ತೆಗೆದು ‘ಬಿಲ್ಲು’ ಎಂದಷ್ಟೇ ಉಳಿಸಲಾಯಿತು. ವಿಪರ್ಯಾಸವೆಂದರೆ ಅದರ ಮೂಲವಾದ ಮಲಯಾಳದ ‘ಕಥ ಪರಯುಂಬೋಳ್’ (2007) ಬಡ ಕ್ಷೌರಿಕನ ಘನತೆಯನ್ನೇ ಕುರಿತದ್ದು. ಪದಕ್ಕೆ ಅಂಟಿದ ಅವಮಾನ ಕಥೆಯ ಸದುದ್ದೇಶಕ್ಕೆ ಕರಗಲಿಲ್ಲ.

ಈ ಎಲ್ಲ ಎಳೆಗಳೂ 2020ರಲ್ಲಿ ಕೂಡಿಬಂದವು. ಲಾಕ್‌ಡೌನಿನಲ್ಲಿ ಸೆಲೂನುಗಳು ಮುಚ್ಚಿದಾಗ ಹೆಂಡತಿಯ ಕೈಗೆ ಕತ್ತರಿ ಕೊಟ್ಟ ಗಂಡನ, ಜಡೆ ಬಿಟ್ಟ ಮುನಿಯಂತಾದ ನೌಕರನ ವ್ಯಂಗ್ಯಚಿತ್ರಗಳು ಹೊಳೆಯಾಗಿ ಹರಿದವು. ಅದೇ ಮೇ 6ರಂದು ರಾಜ್ಯ ಸರಕಾರವು ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಿತು. ಮೇ 19ರಿಂದ ಸೆಲೂನುಗಳು ಮತ್ತೆ ತೆರೆದವು. ಸುಮಾರು ಎಂಟು ವಾರ ಆದಾಯವಿಲ್ಲದೆ ಕುಳಿತವರ ಮುಖ ಆ ಚಿತ್ರಗಳಲ್ಲಿ ಅಪರೂಪ. ಅದೇ ವರ್ಷದ ನವೆಂಬರಿನಲ್ಲಿ ನಂಜನಗೂಡು ತಾಲೂಕಿನ ಹಳ್ಳಿಯೊಂದರಲ್ಲಿ ದಲಿತರಿಗೆ ಕ್ಷೌರ ಮಾಡಿದ ಕುಟುಂಬಕ್ಕೆ ಮೇಲ್ಜಾತಿಯವರು ದಂಡ, ಬಹಿಷ್ಕಾರ ವಿಧಿಸಿದರೆಂಬ ಸುದ್ದಿ ಬಂದಿತು. ಗ್ರಾಮ ಪಂಚಾಯತಿಗಳಲ್ಲಿ ಸರಕಾರಿ ಕ್ಷೌರದಂಗಡಿ ತೆರೆಯುವ ಪ್ರಸ್ತಾಪವೂ ಚರ್ಚೆಗೆ ಬಂದಿತು. ಕೆಟ್ಟ ಕ್ಷೌರಕ್ಕೆ ‘ಚೆನ್ನಾಗಿದೆ’ ಎನ್ನುವ ಗಿರಾಕಿಯನ್ನು ಕಂಡು ನಗಬೇಕಾದರೆ ಮೊದಲು ಆ ಕುರ್ಚಿಯಲ್ಲಿ ಕುಳಿತುಕೊಳ್ಳುವ ಅವಕಾಶವಿರಬೇಕು. ಆ ನಾಲ್ಕು ಚೌಕಟ್ಟುಗಳು ಅದನ್ನು ಎಲ್ಲರಿಗೂ ಇರುವಂಥದ್ದೆಂದು ಭಾವಿಸಿಯೇ ಆರಂಭವಾಗುತ್ತವೆ.